ಮಸಿ ಮೂತಿಗೊಂದು ಹೆಸರು

ನಮ್ಮೂರಿಗೇ ನಾಲ್ಕು ಹೆಸರು. ಬಸ್ಸಿನ ಬೋರ್ಡಿನಲ್ಲಿ ಸೋಂದಾ, ವಾದಿರಾಜ ಮಠಕ್ಕೆ ಬರುವವರ ಬಾಯಲ್ಲಿ ಸೋದೆ, ಜೈನ ಮಠದವರಿಗೆ ಸ್ವಾದಿ, ಸಂಸ್ಕೃತ ಬಲ್ಲವರಿಗೆ ಸುಧಾಪುರ. ಇಂಗ್ಲಿಷರು ತಮ್ಮ ಕಾಗದಪತ್ರದಲ್ಲಿ ಸೂಂಡಾ ಎಂದು ಬರೆದಿಟ್ಟದ್ದನ್ನೂ ಸೇರಿಸಿದರೆ ಐದು. ಇಂಥ ಊರಿನಲ್ಲಿ ಒಂದು ಬೆಕ್ಕಿಗೆ ಹೆಸರಿಡುವುದು ಎಷ್ಟರ ಕೆಲಸ ಅಂದುಕೊಂಡಿದ್ದೆ.

ಬೆಕ್ಕು ಬಂದದ್ದು ಬೆಂಗಳೂರಿನಿಂದ. ನಾದಿನಿಯ ಮಗನನ್ನು ಅವನ ಕಂಪನಿಯವರು ಪರದೇಶಕ್ಕೆ ಕಳಿಸಿದರು. "ಮೂರೇ ತಿಂಗ್ಳು ಅತ್ತೆ, ನೋಡ್ಕ್ಯ" ಎಂದು ಬುಟ್ಟಿ ಇಳಿಸಿ ಹೋದವನು ವರ್ಷವಾದರೂ ಈ ಕಡೆ ತಲೆ ಹಾಕಿಲ್ಲ. ಬುಟ್ಟಿಯ ಬಾಗಿಲು ತೆಗೆದಾಗ ಹೊರಗೆ ಬಂದದ್ದು ಬೆಕ್ಕೋ ಕುರಿಮರಿಯೋ ತಿಳಿಯಲಿಲ್ಲ. ಅಡಕೆ ತೂಗುವ ತಕ್ಕಡಿಯಲ್ಲಿ ಕೂರಿಸಿದೆವು, 8 ಕೆಜಿ. ಮೈಯೆಲ್ಲ ಹಾಲಿನ ಕೆನೆ. ಮೂತಿ, ಕಿವಿ, ನಾಲ್ಕು ಪಾದ, ಬಾಲ ಮಾತ್ರ ಒಲೆಯ ಮೇಲಿನ ಪಾತ್ರೆಯ ತಳ. ನಡುವೆ ಎರಡು ನೀಲಿ ಕಣ್ಣು. ನನ್ನ ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಮುಖಕ್ಕೆ ಮಸಿ ಬಳ್ಕಂಡು ಬಂಜಲಾ ಇದು!" ಅಂದರು.

ಹೆಸರು ಇರಲಿಲ್ಲವೆಂದಲ್ಲ. ಹುಡುಗ ಇಟ್ಟದ್ದು ಮೋಕಾ. ಅದು ಕಾಫಿಯ ಹೆಸರಂತೆ. ಅತ್ತೆಗೆ ಕೇಳಿಸಿದ್ದು ಮೂಕ. "ಪಾಪ, ಹುಟ್ಟಾ ಮೂಕನಾ?" ಎಂದು ಮರುಗಿ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿದರು. ರಾತ್ರಿ ಎರಡು ಗಂಟೆಗೆ ಅದು ನಡುಮನೆಯಲ್ಲಿ ನಿಂತು ಭಾಗವತರಂತೆ ಸ್ವರ ಎತ್ತಿದಾಗ ಆ ಹೆಸರು ಬಿದ್ದುಹೋಯಿತು. ತುಪ್ಪ ಮಾತ್ರ ಉಳಿಯಿತು.

ತಳಿ ರ‍್ಯಾಗ್‌ಡಾಲ್. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಆ್ಯನ್ ಬೇಕರ್ ಎಂಬ ಹೆಂಗಸು ಬೆಳೆಸಿದ ಜಾತಿ. ಎತ್ತಿಕೊಂಡರೆ ಅರಿವೆ ಗೊಂಬೆಯ ಹಾಗೆ ಜೋತುಬೀಳುತ್ತದೆ, ಅದಕ್ಕೇ ಆ ಹೆಸರು. ಮೊದಲ ಸಲ ನನ್ನ ತೋಳಿನಲ್ಲಿ ಅದು ಹಾಗೆ ಕೈಕಾಲು ಬಿಟ್ಟಾಗ ಜೀವವೇ ಹೋಯಿತೆಂದು ನಾನು ನೀರು ತರಲು ಓಡಿದ್ದೆ.

ಇನ್ನು ಮಸಿಯ ಗುಟ್ಟು. ಕೂದಲಿಗೆ ಕಪ್ಪು ಕೊಡುವ ಕಿಣ್ವ ಈ ಬೆಕ್ಕುಗಳಲ್ಲಿ ಮೈಬಿಸಿಗೆ ಕೆಲಸ ಮಾಡುವುದಿಲ್ಲ, ತಂಪಿದ್ದಲ್ಲಿ ಮಾತ್ರ ಮಾಡುತ್ತದೆ. ಕಿವಿ, ಮೂತಿ, ಪಾದ, ಬಾಲದ ತುದಿ ಮೈಗಿಂತ ತಣ್ಣಗಿರುವ ಜಾಗಗಳು, ಹಾಗಾಗಿ ಅಲ್ಲಿ ಕಪ್ಪು. ತಾಯಿಯ ಹೊಟ್ಟೆಯ ಬಿಸಿಯಲ್ಲಿ ಬೆಳೆದ ಮರಿ ಹುಟ್ಟುವಾಗ ಪೂರ್ತಿ ಬೆಳ್ಳಗೆ. ಸಯಾಮಿ ಬೆಕ್ಕಿನದೂ ಇದೇ ಕತೆ. ಇದನ್ನು ಮಾವನಿಗೆ ವಿವರಿಸಿದಾಗ ಅವರು ಅಡಕೆ ಬೇಯಿಸುವ ಹಂಡೆಯಲ್ಲಿ ತೊಗರು ತಿರುವುತ್ತಿದ್ದರು. "ಅಡಕೆಗೆ ಬೇಯ್ಸಿದ್ರೆ ಬಣ್ಣ, ಇದ್ಕೆ ತಣ್ಸಿದ್ರೆ ಬಣ್ಣ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನಾನು ಕಾಲು ಗಂಟೆ ತೆಗೆದುಕೊಂಡಿದ್ದೆ.

ಊರ ಗಡವ ಬೆಕ್ಕೊಂದು ಇದರ ಬೆನ್ನು ಸಿಗಿದಾಗ ಇದೆಲ್ಲ ಕಣ್ಣಾರೆ ಕಾಣಿಸಿತು. ಔಷಧಿ ಹಚ್ಚಲು ಅಂಗೈಯಗಲ ಕೂದಲು ಬೋಳಿಸಿದ್ದರು. ಮಳೆಗಾಲದ ಥಂಡಿಗೆ ಆ ಬೋಳು ಜಾಗದಲ್ಲಿ ಹುಟ್ಟಿದ ಹೊಸ ಕೂದಲು ಕಪ್ಪು! ಕೆನೆಯ ಮೇಲೆ ಸೊಸೈಟಿಯ ಸಿಕ್ಕಾ ಹೊಡೆದ ಹಾಗೆ. ಆಮೇಲೆ ಅದು ಬಚ್ಚಲೊಲೆಯ ಬುಡ ಬಿಟ್ಟು ಏಳುತ್ತಲೇ ಇರಲಿಲ್ಲ. ಬೆಳ್ಳಗಾಗುವ ಆಸೆಯಿಂದಲ್ಲ, ಸೋಮಾರಿತನದಿಂದ.

ಹೆಸರಿನ ವಿಚಾರಕ್ಕೆ ಬರುತ್ತೇನೆ. ನಮ್ಮಲ್ಲಿ ಮನುಷ್ಯರ ಹೆಸರೇ ಒಂದು ಗೊಂದಲ. ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತ ಬಂದು, ಕೇರಿಯಲ್ಲಿ ಮೂವರು ಗಣಪತಿ, ಇಬ್ಬರು ಸುಬ್ರಾಯ. ಮೇಲಿನಮನೆ, ಕೆಳಗಿನಮನೆ ಎಂದು ಸೇರಿಸದಿದ್ದರೆ ಮದುವೆ ಕಾಗದ ತಪ್ಪಿದ ಮನೆಗೆ ಹೋಗುತ್ತದೆ. ಬೆಕ್ಕಿಗೂ ಅದೇ ಪಟ್ಟಿಯಿಂದ ಇಟ್ಟರೆ ಗಣಪತಿ ಅಂದಾಗ ನಾಲ್ವರು ತಿರುಗಿ ನೋಡಿಯಾರು.

ಮಾವ ಇತಿಹಾಸಕ್ಕೆ ಹೋದರು. ಅಂಗಳ ದಾಟುವಾಗ ಅದರ ಗತ್ತು ನೋಡಿ, 16ನೆಯ ಶತಮಾನದಲ್ಲಿ ಸೋದೆ ಆಳಿದ ಅರಸಪ್ಪ ನಾಯಕನ ಹೆಸರೇ ಸರಿ ಎಂದರು. ಅದು ಮರುದಿನವೇ ಪಕ್ಕದ ಮನೆಯ ನಾಯಿಗೆ ಹೆದರಿ ಅಟ್ಟ ಹತ್ತಿತು. ನಮ್ಮ ಯಜಮಾನರಿಗೆ ಶಿರಸಿಯ ಬೇಡರ ವೇಷ ನೆನಪಾಯಿತು. ಮಾರಿಕಾಂಬೆಯ ಜಾತ್ರೆಯಿಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಬಣ್ಣ ಬಳಿದು, ನವಿಲುಗರಿ ಕಟ್ಟಿ ಬೀದಿಯಲ್ಲಿ ಕುಣಿಯುವ ವೇಷ. ಸೋದೆಯ ಅರಸರ ಕಾಲದ ಮಲ್ಲೇಶಿ ಎಂಬ ಬೇಡನ ಪುಂಡಾಟದ ಕತೆ ಅದರ ಹಿಂದೆ ಇದೆ. ಮುಖದ ಬಣ್ಣ ನೋಡಿದರೆ ಮಲ್ಲೇಶಿ ಒಪ್ಪುವ ಹೆಸರೇ. ಆದರೆ ಇಲಿ ಕಂಡರೆ ದಾರಿ ಬಿಡುವವನಿಗೆ ಪುಂಡನ ಹೆಸರೆಂದರೆ ಅದು ಹೆಸರಿಗೇ ಅವಮಾನ. ಅತ್ತೆಯದು ನಾರಾಯಣ. ಮಗನನ್ನು ಕರೆಯುವ ನೆವದಲ್ಲಿ ಅಜಾಮಿಳನಿಗೆ ಮೋಕ್ಷ ಸಿಕ್ಕಲಿಲ್ಲವೇ? ಆದರೆ ಹಾಲಿನ ಪಾತ್ರೆ ಉರುಳಿದ ದಿನ "ಕಳ್ಳ ನಾರಾಯಣ, ನಿನ್ನ ಕಾಲು ಮುರಿತಿ" ಎಂದು ಅವರೇ ಕೂಗಿ, ಕೆನ್ನೆ ಕೆನ್ನೆ ಬಡಿದುಕೊಂಡು, ಪ್ರಸ್ತಾಪ ಹಿಂದೆ ತೆಗೆದುಕೊಂಡರು.

ಶಾಲೆಯಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಬಾಯಿಪಾಠ ಮಾಡಿದ್ದು ನೆನಪಾಯಿತು. ಸ್ವಾದಿ ಜೈನ ಮಠದ ಸ್ವಾಮಿಗಳು ಭಟ್ಟಾಕಳಂಕ ಎಂಬ ಹೆಸರು ಹೊರುತ್ತಾರೆ. ಅದೇ ಹೆಸರಿನ ವಿದ್ವಾಂಸ 1604ರಲ್ಲಿ 592 ಸೂತ್ರಗಳಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದ. ಅಷ್ಟು ಸೂತ್ರ ಬೇಕಾದ ಭಾಷೆಯಲ್ಲಿ ನಮಗೆ ಬೇಕಾದದ್ದು ಒಂದೇ ಪದ.

ಅದು ಬಂದದ್ದು ತೋಟದ ಕೆಲಸಕ್ಕೆ ಬರುವವನ ಬಾಯಿಂದ. ಪಾಗಾರದ ಮೇಲೆ ಬಾಲ ಇಳಿಬಿಟ್ಟು ಕೂತಿದ್ದನ್ನು ನೋಡಿ, "ಅಮ್ಮಾ, ಇದೆಂತ, ಮುಸಿಯನ ಮರಿಯಾ?" ಅಂದ. ಎಲ್ಲರೂ ಒಮ್ಮೆಲೇ ನಕ್ಕೆವು. ಮುಸಿಯ ಅಂದರೆ ನಮ್ಮ ಘಟ್ಟದ ಮಂಗ, ಅದಕ್ಕೂ ಅದೇ ಕಪ್ಪು ಮೂತಿ, ಕಪ್ಪು ಕೈಕಾಲು, ಮೈ ಮಾತ್ರ ಬಿಳಿಬೂದು. ಮಾವ ಎರಡು ತಕರಾರು ತೆಗೆದರು. ಒಂದು, ಎಳೆ ಅಡಕೆ ಹೀರಿ ಬಿಸಾಡುವ ವೈರಿಯ ಹೆಸರನ್ನು ಅನ್ನ ಹಾಕುವ ಮನೆಯಲ್ಲಿ ಇಡಬಾರದು. ಇನ್ನೊಂದು, ದೂರದಿಂದ ಕೇಳಿದವರಿಗೆ ಅದು ಮೂಷಿಕ ಎಂದು ಕೇಳಿಸೀತು. ಬೆಕ್ಕಿಗೆ ಇಲಿಯ ಹೆಸರಿಟ್ಟ ಮನೆ ಎಂದಾರು. ಎರಡೂ ನ್ಯಾಯವೇ. ಯಾರೂ ಕೇಳಲಿಲ್ಲ.

ಬೆಕ್ಕೂ ಕೇಳಲಿಲ್ಲ. ಯಾವ ಹೆಸರಿಗೂ ಓಗೊಡದ ಹಾಗೆ ಇದಕ್ಕೂ ಕಿವಿಯ ತುದಿಯನ್ನಷ್ಟೇ ಅಲ್ಲಾಡಿಸುತ್ತಿತ್ತು.

ಮೊನ್ನೆ ಹುಡುಗ ವಿಡಿಯೋ ಕಾಲ್ ಮಾಡಿದ್ದ. ಫೋನನ್ನು ಬೆಕ್ಕಿನ ಮುಂದೆ ಹಿಡಿದೆ. "ಮೋಕಾ! ಮೋಕಾ!" ಎಂದು ಅಲ್ಲಿಂದ ಕರೆದೇ ಕರೆದ. ಇದು ಪಾದ ನೆಕ್ಕುತ್ತ ಕೂತಿತ್ತು. ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆಯ ಕೂಗು, "ಮುಸಿಯ ಬಂಜು! ಮುಸಿಯಾ!" ಪಪ್ಪಾಯಿ ಮರಕ್ಕೆ ನಿಜವಾದ ಮುಸಿಯ ಬಂದಿತ್ತು. ಬೆಕ್ಕು ದಡಕ್ಕನೆ ಎದ್ದು, ಬಾಲ ನೆಟ್ಟಗೆ ಮಾಡಿ, ನನ್ನ ಕಾಲು ತೊಡರಿಸಿ ಓಡಿತು. ಫೋನು ಹಿಡಿದುಕೊಂಡೇ ಹಿಂದೆ ಹೋದೆ. ಅತ್ತೆ ಕೋಲು ಎತ್ತಿ ನಿಂತಿದ್ದರು, ಇದು ಅವರ ಸೀರೆಯ ನೆರಿಗೆಗೆ ಮೈ ಉಜ್ಜುತ್ತ ತುಪ್ಪಕ್ಕೆ ಕಾಯುತ್ತಿತ್ತು. ಮೇಲಿದ್ದವನು ಇಬ್ಬರನ್ನೂ ನೋಡಿ, ಪಪ್ಪಾಯಿಯ ಬೀಜ ಉಗುಳಿದ.