ಮದಕವೆಂಬ ಎರರ್

ನಮ್ಮ ಗುಡ್ಡೆಯ ತಲೆಯನ್ನು ಮೊದಲು ಬೋಳಿಸಿದ್ದು ಹಿಟಾಚಿಯಲ್ಲ, ಕಂಪ್ಯೂಟರು.

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಕಂಟೂರ್ ಗೆರೆ ಬೀಳುವುದು 20 ಮೀಟರ್ ಎತ್ತರಕ್ಕೊಂದು. 80ರ ಗೆರೆ ಗುಡ್ಡೆಗೆ ಸುತ್ತು ಬಂದಿದೆ, 100ರದ್ದು ಇಲ್ಲ. ನೆತ್ತಿ 81 ಇದ್ದೀತು, 99 ಇದ್ದೀತು. ಈ ಗೆರೆಗಳಿಂದ ನೆಲದ ರೂಪ ಕಟ್ಟುವ ಕಂಪ್ಯೂಟರು ಅವುಗಳ ಮೇಲಿನ ಮೂರು ಮೂರು ಬಿಂದು ಹಿಡಿದು ತ್ರಿಕೋನ ಕಟ್ಟುತ್ತ ಹತ್ತುತ್ತದೆ. ಮೇಲೆ ಮೂರೂ 80 ಎಂದೇ ಸಿಕ್ಕಿದಾಗ ಕಾವಲಿ ಕವುಚಿದ ಹಾಗೆ ಚಪ್ಪಟೆ ಮಾಡಿ ಕೈತೊಳೆಯುತ್ತದೆ. ನೆತ್ತಿಯ ಎತ್ತರವೊಂದನ್ನು ಕೊಟ್ಟರೆ ಸರಿಹೋಗುತ್ತದೆ. ಅದಕ್ಕೆ ಯಾರಾದರೂ ಗುಡ್ಡೆ ಹತ್ತಬೇಕಲ್ಲ! ಕಾಸರಗೋಡಿನ ಮುರಕಲ್ಲಿನ ಪದವುಗಳು ಹೇಗೂ ಚಪ್ಪಟೆಯೇ ಆದ್ದರಿಂದ ಈ ತಪ್ಪಿಗೆ ಇಲ್ಲಿ ಅರ್ಧ ಮಾರ್ಕು ಕೊಡಬಹುದು. ಪೊಸಡಿ ಗುಂಪೆಯಂಥ ಗುಡ್ಡೆಗೆ ಕೊಡಲಾಗದು.

ಆಕಾಶದಿಂದ ಅಳೆದರೆ? ಅಳೆದಿದ್ದಾರೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಸುತ್ತಿ ಭೂಮಿಯ ಬಹುಪಾಲನ್ನು ರೇಡಾರಿನಲ್ಲಿ ಅಳೆಯಿತು. ಮರ ದಟ್ಟವಿದ್ದಲ್ಲಿ ಆ ರೇಡಾರ್ ನೆಲ ಮುಟ್ಟುವ ಮೊದಲೇ ಹಿಂದೆ ಬರುತ್ತದೆ. ಹಾಗಾಗಿ ನಮ್ಮ ಕಣಿವೆಯ ಅಡಿಕೆ ತೋಟಗಳಲ್ಲಿ ಸೋಗೆಗೂ ನೆಲವೆಂಬ ಗೌರವ.

ಆಸ್ಟ್ರೇಲಿಯಾದ ಮೈಕೆಲ್ ಹಚಿನ್ಸನ್ 1980ರ ದಶಕದಲ್ಲಿ ಇನ್ನೂ ಜಾಣತನದ ಲೆಕ್ಕ ಕಟ್ಟಿದರು. ಗೆರೆ, ಬಿಂದುಗಳ ಜೊತೆ ತೋಡು ಹೊಳೆಗಳನ್ನೂ ಕೊಟ್ಟರೆ ನೀರು ಸರಾಗ ಇಳಿಯುವ ಹಾಗೆ ನೆಲ ರೂಪಿಸುವ ಲೆಕ್ಕ. ನೀರನ್ನು ಕೇಳಿ ನೆಲ ತಿಳಿಯುವುದು ನೀರಿಗಾಗಿ ಗುಡ್ಡೆಯಲ್ಲಿ ಸುರಂಗ ತೋಡುವ ನಮ್ಮವರಿಗೆ ಹೊಸತೇನಲ್ಲ. ಆದರೆ ನೀರಿಗೆ ಹೊರದಾರಿಯಿಲ್ಲದ ತಗ್ಗು ಕಂಡರೆ ಈ ಲೆಕ್ಕಕ್ಕೆ ಸಂಶಯ. ಇದು ನಿಜವಾದ ತಗ್ಗು ಎಂದು ಮೊದಲೇ ಸಾಕ್ಷಿ ಹೇಳದಿದ್ದರೆ ಅದನ್ನು ಅಳಿಸಲು ನೋಡುತ್ತದೆ.

ಸೋದರಳಿಯ ಇದೇ ಲೆಕ್ಕ ಓಡಿಸಿ ಲ್ಯಾಪ್‌ಟಾಪಿನಲ್ಲಿ ನಮ್ಮ ಜಾಗ ತೋರಿಸಿದ.

"ಮದಕ ಎಲ್ಲಿ ಮಾರಾಯ?"

"ಅದು ಎರರ್ ಮಾವ, ತೆಗೆದೆ."

"ಎರರ್ ಅಲ್ಲ, ಮಳೆನೀರು ನಿಲ್ಲಲು ನನ್ನಜ್ಜ ಕಟ್ಟಿಸಿದ ಕೆರೆ. ಕೆಳಗಿನ ಆರು ಬಾವಿಗೆ ಅದರದ್ದೇ ನೀರು."

ಅವನು ಮೌಸ್ ಬಿಟ್ಟು ಚಾ ಕುಡಿದ. ಪಾಪ, ಪರದೆಯಲ್ಲಿ ಅಳಿಸಿದ್ದನ್ನು ಪರದೆಯಲ್ಲೇ ಮರಳಿ ತರಬಹುದು. ಚೆರ್ವತ್ತೂರಿನ ವೀರಮಲೆ ಗುಡ್ಡೆಗೆ ಆ ಸೌಲಭ್ಯವಿಲ್ಲ. ಗೆರೆಗಳು ಹತ್ತಿರವಾದಷ್ಟೂ ಇಳಿಜಾರು ಕಡಿದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ಅಲ್ಲಿ ಗೆರೆಗಳನ್ನು ಒಂದರ ಮೇಲೊಂದು ಪೇರಿಸಿತು. 2025ರ ಜುಲೈಯಲ್ಲಿ ಗುಡ್ಡೆ ತಾನೇ ಕುಸಿದು ರಸ್ತೆಗೆ ಬಂದು ಅವನ್ನು ಮತ್ತೆ ಬಿಡಿಸಿ ಹಾಸಿತು. ನುಣುಪುಗೊಳಿಸುವುದು ಎಂದು ಅಳಿಯನ ಭಾಷೆಯಲ್ಲಿ ಹೇಳುವುದು ಇದಕ್ಕೇ ಇರಬೇಕು.

ಕಳೆದ ವಾರ ಮೇಲಿನ ಜಾಗದವರು ಮನೆ ಕಟ್ಟಲು ಗುಡ್ಡೆ ತಟ್ಟು ಮಾಡಿ, ಉಳಿದ ಮಣ್ಣನ್ನು ರಾತ್ರಿ ಟಿಪ್ಪರಿನಲ್ಲಿ ತಂದು ಮದಕಕ್ಕೆ ಸುರಿದು ಹೋಗಿದ್ದಾರೆ. ಫೋಟೋ ತೆಗೆದು ಅಳಿಯನಿಗೆ ಕಳಿಸಿದೆ. ಒಂದು ನಿಮಿಷದಲ್ಲಿ ಉತ್ತರ ಬಂತು:

"ಈಗ ಸರಿಯಾಗಿ ಕೂಡುತ್ತದೆ ಮಾವ."