ಕಲಬುರಗಿ ಮೇಯರ್ ಕುರ್ಚಿಗೆ ಯಡ್ರಾಮಿಯಿಂದ ಬಹಿರಂಗ ಪತ್ರ

ಮಹಾನಗರ ಪಾಲಿಕೆಯ ಮೇಯರ್ ಕುರ್ಚಿಯವರಿಗೆ ಶರಣು ಶರಣಾರ್ಥಿ.

ಮೇಯರ್ ಇರುವಾಗ ಕುರ್ಚಿಗೇಕೆ ಪತ್ರ ಅಂತೀರೇನ್ರಿ? ಕಾನೂನಿನಂತೆ ಮೇಯರ್ ಅವಧಿ ಒಂದೇ ವರ್ಷ. ಕಾಯಂ ಇರುವವರು ತಾವೊಬ್ಬರೇ. ಮೇಲಾಗಿ ತಾವು ಕಾದದ್ದನ್ನು ನಾವು ಬಲ್ಲೆವು. ನಮ್ಮ ಯಡ್ರಾಮಿ ತಾಲ್ಲೂಕಾದದ್ದೇ 2018ರಲ್ಲಿ. ಅಲ್ಲಿಯವರೆಗೆ ತಹಶೀಲ್ದಾರರ ಸಹಿಗೆ ಜೇವರ್ಗಿ ಬಸ್ಸು ಕಾಯುವುದೇ ನಮ್ಮ ಕಸುಬಾಗಿತ್ತು.

ತಮ್ಮ 55 ವಾರ್ಡುಗಳಿಗೆ 2021ರ ಸೆಪ್ಟೆಂಬರ್ 3ರಂದು ಮತದಾನವಾಯಿತು. ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ ಒಬ್ಬರು. ಹಾರ ಬಿತ್ತು, ಗುಲಾಲು ಹಾರಿತು. ತಮ್ಮ ಮೇಲೆ ಕೂರಲು ಮಾತ್ರ ಯಾರೂ ಬರಲಿಲ್ಲ. ಅದೇ ದಿನ ಮತ ಹಾಕಿದ ಹುಬ್ಬಳ್ಳಿ-ಧಾರವಾಡಕ್ಕೆ 2022ರ ಮೇನಲ್ಲಿ ಮೇಯರ್ ಸಿಕ್ಕರು, ಬೆಳಗಾವಿಗೆ 2023ರ ಫೆಬ್ರುವರಿಯಲ್ಲಿ. ತಮ್ಮ ಸರದಿ ಬಂದದ್ದು 2023ರ ಮಾರ್ಚ್ 23ಕ್ಕೆ. ಎಲ್ಲರ ಊಟವಾದ ಮೇಲೆ ಪಂಕ್ತಿಗೆ ಕೂಡ್ರುವುದು ನಮ್ಮ ಭಾಗದ ಸೌಜನ್ಯ, ಬಿಡಿ.

ಆ ನಡುವೆ ಮೇಯರ್ ಸ್ಥಾನದ ಮೀಸಲಾತಿ ತಕರಾರು ಬಂತು, ಕೋರ್ಟು ಬಂತು. ಮೇಯರ್ ಆಯ್ಕೆಗೆ ಮತ ಹಾಕಲೆಂದು ಬೇರೆ ಜಿಲ್ಲೆಗಳ ವಿಧಾನ ಪರಿಷತ್ ಸದಸ್ಯರ ಹೆಸರುಗಳು ಕಲಬುರಗಿಯ ಮತದಾರರ ಪಟ್ಟಿ ಸೇರಿವೆ ಎಂಬ ಗದ್ದಲವೂ ಬಂತು. ನಮ್ಮ ಜೇವರ್ಗಿ ತಾಲ್ಲೂಕಿನ ನೆಲೋಗಿಯ ಧರ್ಮಸಿಂಗ್ ಗುಲಬರ್ಗಾ ನಗರಸಭೆಯ ಸದಸ್ಯರಾಗಿ ರಾಜಕೀಯ ಶುರು ಮಾಡಿ, 2004ರಲ್ಲಿ ಮುಖ್ಯಮಂತ್ರಿಯಾದರು. ಆಗ ವಾರ್ಡಿನಿಂದ ವಿಧಾನಸೌಧಕ್ಕೆ ದಾರಿಯಿತ್ತು. ಈಗ ವಿಧಾನಸೌಧದವರೇ ವಾರ್ಡು ಹುಡುಕಿಕೊಂಡು ಬರುತ್ತಾರೆಂದರೆ ತಮ್ಮ ಕಿಮ್ಮತ್ತು ಎಷ್ಟು ಏರಿರಬೇಕು!

ತಾವು ಖಾಲಿಯಿದ್ದ ಆ ಒಂದೂವರೆ ವರ್ಷದಲ್ಲಿ ಸದಸ್ಯರಿಗೆ ಒಂದು ದಿನವೂ ನಷ್ಟವಾಗಲಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಪಾಲಿಕೆಗೆ ಐದು ವರ್ಷ ಕೊಟ್ಟಿದೆ ನಿಜ. ಆದರೆ ಎಣಿಕೆ ಶುರುವಾಗುವುದು ಮತದಾನದಿಂದಲ್ಲ, ಮೊದಲ ಸಭೆಯಿಂದ. ಸಭೆ ಕರೆಯದಿದ್ದರೆ ಗಡಿಯಾರವೂ ನಡೆಯದು. ವೇಳೆಗೆ ಸರಿಯಾಗಿ ಚುನಾವಣೆ ಮಾಡಿ ಎಂದು ಕಟ್ಟಪ್ಪಣೆ ಮಾಡಿದವರು, ಗೆದ್ದವರನ್ನು ಎಷ್ಟು ದಿನದೊಳಗೆ ಕೂಡ್ರಿಸಬೇಕೆಂದು ಅಷ್ಟೇ ಬಿಗಿಯಾಗಿ ಬರೆಯಲಿಲ್ಲ. ಜನರು ಆರಿಸಿದವರು ಮನೆಯಲ್ಲಿ, ಆಡಳಿತಾಧಿಕಾರಿ ಕಚೇರಿಯಲ್ಲಿ. ನಷ್ಟವಾದದ್ದು ಮತ ಹಾಕಿದವರಿಗಷ್ಟೇ; ಅವರ ಲೆಕ್ಕ ಇಡುವ ಕಲಮು ಯಾವ ಕಾಯ್ದೆಯಲ್ಲೂ ಕಾಣದು.

ಈ ಪರಿಷತ್ತಿನ ಅವಧಿ 2028ರ ಮಾರ್ಚ್‌ಗೆ ಮುಗಿಯುತ್ತದೆ. ಮುಂದಿನ ಸಲದ ಮೀಸಲಾತಿ ಪಟ್ಟಿಯನ್ನು ಮತದಾನಕ್ಕೆ ಮೊದಲೇ ಅಖೈರು ಮಾಡಿ ಎಂದು ಬೆಂಗಳೂರಿಗೆ ತಾವೇ ಒಂದು ಅರ್ಜಿ ಹಾಕಿರಿ. ಸಹಿಗೆ ಜನ ಬೇಕಾದರೆ ಯಡ್ರಾಮಿಯಿಂದ ಬರುತ್ತೇವೆ.

ಇಂತಿ,
ಯಡ್ರಾಮಿಯ ಒಬ್ಬ ನಾಗರಿಕ