ಗಾಳಿ ಲೆಕ್ಕಕ್ಕಿಲ್ಲ ಅಂದ್ರ ಹ್ಯಾಂಗ್ರಿ?

“ಮಾಸ್ತರ, ಈ ಫಾಲ್ಸ್ ರಾತ್ರಿ ಆದ ಮ್ಯಾಲೆ ನಮ್ಮ ಊರ ಕಡೆ ಸರಕೊಂಡ ಬರ್ತೈತೇನ್ರಿ?”

ಬೇಲಿಯಾಚೆ ಬಟ್ಟೆ ತೆಗೆಯುತ್ತಿದ್ದ ಅಕ್ಕಾರು ಕೇಳಿದ್ದು. ಮಳೆ ಹೊಳವಾಗಿ ಮುಗಿಲು ತಿಳಿಯಾಗಿದೆ, ಘಟಪ್ರಭೆ ಇನ್ನೂ ತುಂಬಿ ಹರಿಯುತ್ತಿದೆ. ಹಗಲೆಲ್ಲ ಗೋಕಾಕ ಫಾಲ್ಸ್ ಇದೆಯೋ ಇಲ್ಲವೋ ಎನ್ನುವಂತಿದ್ದು, ರಾತ್ರಿ ಊಟ ಮುಗಿಯುವ ಹೊತ್ತಿಗೆ ಅದರ ಸಪ್ಪಳ ಕೊಣ್ಣೂರಿನ ಅಂಗಳಕ್ಕೇ ಬರುತ್ತದೆ. ಊರು ಮಲಗಿ ಗದ್ದಲ ಇಳಿಯುವುದು ಒಂದು ಕಾರಣ, ನಿಜ. ಆದರೆ ಅಕ್ಕಾರು ಅಷ್ಟಕ್ಕೆ ಸುಮ್ಮನಾಗುವವರಲ್ಲ. “ಊರ ಮಲಗಿದ್ರ ನಾಯಿ ಬೊಗಳೂದು ಅಷ್ಟ ಕೇಳಬೇಕ್ರಿ. ಫಾಲ್ಸ್ ಸಪ್ಪಳ ದೊಡ್ಡದ ಆಗತೈತೆಲ್ಲ?” ಎಂದರು.

ಒಳ್ಳೆಯ ಪ್ರಶ್ನೆ. ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ಪುಸ್ತಕದಲ್ಲಿ ಅಲೆಗಳ ಪಾಠದ ಕೊನೆಗೆ ಇರಬೇಕಾದ ಪ್ರಶ್ನೆ.

ಶಬ್ದ ಬಿಸಿ ಗಾಳಿಯಲ್ಲಿ ಚುರುಕು, ತಣ್ಣನೆಯ ಗಾಳಿಯಲ್ಲಿ ನಿಧಾನ. 20 ಡಿಗ್ರಿ ಇದ್ದಾಗ ಸೆಕೆಂಡಿಗೆ ಸುಮಾರು 343 ಮೀಟರು ಹೋಗುತ್ತದೆ. ಒಂದೊಂದು ಡಿಗ್ರಿ ಏರಿದಂತೆ 0.6 ಮೀಟರಿನಷ್ಟು ಹೆಚ್ಚುತ್ತದೆ. ಹಗಲು ನೆಲ ಕಾದಿರುತ್ತದೆ, ನೆಲಕ್ಕಂಟಿದ ಗಾಳಿ ಬಿಸಿ, ಮೇಲಿನದು ತಂಪು. ಹೀಗಾಗಿ ಅಲೆಯ ಬುಡ ಮುಂದಾಗಿ ತಲೆ ಹಿಂದೆ ಬೀಳುತ್ತದೆ. ಜೋಡೆತ್ತಿನಲ್ಲಿ ಒಂದು ಹಿಂದೆ ಬಿದ್ದರೆ ಬಂಡಿ ಅದರ ಕಡೆಗೇ ಹೊರಳುತ್ತದಲ್ಲ, ಹಾಗೆ ಸಪ್ಪಳವೂ ತಂಪಿನ ಕಡೆ, ಅಂದರೆ ಮುಗಿಲಿನ ಕಡೆ ಹೊರಳಿ ನಮ್ಮ ತಲೆಯ ಮೇಲಿಂದ ಹಾದುಹೋಗುತ್ತದೆ. ತಿಳಿಮುಗಿಲಿನ ರಾತ್ರಿ ನೆಲ ಬೇಗ ಆರುತ್ತದೆ. ಕೆಳಗೆ ತಂಪು, ಮೇಲೆ ಬೆಚ್ಚಗೆ. ಮೇಲೆ ಹೊರಟ ಸಪ್ಪಳ ಬಾಗಿ ಮತ್ತೆ ಊರಿನ ಮೇಲೆಯೇ ಇಳಿಯುತ್ತದೆ. ಮೋಡ ಕವಿದ ರಾತ್ರಿ ನೆಲ ಅಷ್ಟು ಆರುವುದಿಲ್ಲ, ಆಗ ಇಷ್ಟು ಜೋರಾಗಿ ಕೇಳುವುದೂ ಇಲ್ಲ.

ಇದರ ಜೊತೆಗೆ ಗಾಳಿಯ ದಿಕ್ಕು ಬೇರೆ. ಕೊಣ್ಣೂರ ಫಾಲ್ಸಿನಿಂದ ಹೊಳೆಯ ಮೇಲ್ಗಡೆ, ಪಡುವಣಕ್ಕಿದೆ. ಮಳೆಗಾಲದ ಗಾಳಿ ಬೀಸುವುದೂ ಪಡುವಣದಿಂದಲೇ. ಆ ಗಾಳಿಗೆ ಎದುರಾಗಿ ಬರುವ ಸಪ್ಪಳ ಮೇಲಕ್ಕೆ ಬಾಗುತ್ತದೆ, ಯಾಕೆಂದರೆ ಎತ್ತರಕ್ಕೆ ಹೋದಂತೆ ಗಾಳಿಯ ವೇಗ ಹೆಚ್ಚು. ರಾತ್ರಿ ಗಾಳಿ ನಿಂತಿತೆಂದರೆ ಆ ಅಡ್ಡಿಯೂ ಹೋಗುತ್ತದೆ.

ಅಕ್ಕಾರ ಮಗಳು ಗೋಕಾಕದಲ್ಲಿ ಬಿ.ಎಸ್ಸಿ. ಸೇರಿದ್ದಾಳೆ. ಮೆಕ್ಯಾನಿಕ್ಸ್ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ತಲೆಯೆತ್ತಿ ಅಂದಳು: “ಕಾಕಾ, ನಮ್ಮ ಪುಸ್ತಕದಾಗ ಎಲ್ಲಾ ಲೆಕ್ಕದ ಕಡೀಕ ‘ಗಾಳಿಯನ್ನು ಕಡೆಗಣಿಸಿ’ ಅಂತ ಬರದಿರ್ತಾರು. ಇಲ್ಲಿ ನೋಡಿದ್ರ ಗಾಳೀನ ಎಲ್ಲಾ ಮಾಡಾಕತ್ತೈತಿ.”

ಈ ಮಾತು ನನಗೆ ಬಹಳ ಹಿಡಿಸಿತು. ಲೆಕ್ಕ ಬಿಡಿಸಲು ಕಲಿಸುತ್ತೇವೆ. ಏನನ್ನು ಬಿಟ್ಟೆವು, ಎಷ್ಟು ಬಿಟ್ಟೆವು, ಬಿಟ್ಟಿದ್ದು ತಿರುಗಿ ಬಂದು ಲೆಕ್ಕವನ್ನೇ ಕೆಡಿಸುತ್ತದೆಯೇ ಎಂದು ಕೇಳುವುದನ್ನು ಕಲಿಸುವುದಿಲ್ಲ. ಭೌತಶಾಸ್ತ್ರದ ಮುಕ್ಕಾಲು ಜಾಣತನ ಅಲ್ಲಿದೆ ಎಂದು ನಾನು ನಂಬಿದ್ದೇನೆ.

“ತಂಗಿ, ಫಾಲ್ಸಿನ ಎತ್ತರ ಎಷ್ಟು?” ಎಂದೆ.

“52 ಮೀಟರ್ ರಿ.”

“ಮ್ಯಾಲಿಂದ ಒಂದು ಕಲ್ಲು ಬಿಟ್ರ?”

ಪುಸ್ತಕದ ಅಂಚಿನಲ್ಲೇ ಗೀಚಿದಳು. ಕೆಳಗೆ ಮುಟ್ಟಲು 3.26 ಸೆಕೆಂಡು, ಮುಟ್ಟುವಾಗ ವೇಗ ಸೆಕೆಂಡಿಗೆ 32 ಮೀಟರು, ಗಂಟೆಗೆ 115 ಕಿಲೋಮೀಟರು. ಸಪ್ಪಳ ಮೇಲೆ ಬರಲು ಇನ್ನೊಂದು 0.15 ಸೆಕೆಂಡು. ಕಲ್ಲಿನ ಮಟ್ಟಿಗೆ ಗಾಳಿಯನ್ನು ಬಿಟ್ಟರೆ ನಡೆಯುತ್ತದೆ, ತಪ್ಪು ಅಲ್ಪ. ಆದರೆ ಕಲ್ಲಿನ ಜಾಗದಲ್ಲಿ ನೀರಿನ ಹನಿ ಇದ್ದರೆ? ಎಷ್ಟೇ ದಪ್ಪ ಮಳೆಹನಿ ಇದ್ದರೂ ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 9 ಮೀಟರಿಗಿಂತ ಜೋರಾಗಿ ಬೀಳುವುದಿಲ್ಲ. ಗಾಳಿ ತಡೆದು ಹಿಡಿಯುತ್ತದೆ. ಗಾಳಿ ಇಲ್ಲದಿದ್ದರೆ ಒಂದು ಕಿಲೋಮೀಟರ್ ಮೇಲಿನ ಮೋಡದ ಹನಿ ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ಬಂದು ಬಡಿಯುತ್ತಿತ್ತು; ಜೋಳದ ಎಲೆ ಉಳಿಯುತ್ತಿರಲಿಲ್ಲ. ಫಾಲ್ಸಿನ ಎದುರು ನಿಂತು ನೋಡಿದರೆ ಇವೆರಡೂ ಒಟ್ಟಿಗೇ ಕಾಣುತ್ತವೆ. ದಪ್ಪ ದಪ್ಪ ನೀರಿನ ಮುದ್ದೆಗಳು ಕಲ್ಲಿನಂತೆ ನೇರ ಕೆಳಗೆ. ಅವುಗಳಿಂದ ಹರಿದ ತುಂತುರು ಅರ್ಧದಾರಿಯಲ್ಲೇ ಹಿಂದುಳಿದು ಗಾಳಿ ಎಳೆದತ್ತ ತೇಲುತ್ತದೆ. ಒಂದೇ ನೀರು, ಒಂದೇ ಎತ್ತರ. ಒಂದಕ್ಕೆ ಗಾಳಿ ಲೆಕ್ಕಕ್ಕಿಲ್ಲ, ಇನ್ನೊಂದಕ್ಕೆ ಗಾಳಿಯೇ ಯಜಮಾನ.

ಅಕ್ಕಾರು ಬುಟ್ಟಿ ಕೆಳಗಿಟ್ಟರು. “ಅಷ್ಟ ಎತ್ತರದಿಂದ ಬಿದ್ದ ನೀರು ಬಿಸಿ ಆಗೂದಿಲ್ಲೇನ್ರಿ? ಸುತ್ತಿಗಿಲೆ ಬಡದ್ರ ಮೊಳಿ ಬಿಸಿ ಆಗತೈತಿ.”

ಇದೇ ಪ್ರಶ್ನೆಯನ್ನು ಹೊತ್ತು ಹೊರಟವನೊಬ್ಬನಿದ್ದ. 1847ರಲ್ಲಿ ಜೇಮ್ಸ್ ಜೂಲ್ ಮದುವೆಯಾದ ಹೊಸತರಲ್ಲೇ ಆಲ್ಪ್ಸ್ ಪರ್ವತದ ಕಡೆ ಹೋಗಿದ್ದಾಗ ಉದ್ದನೆಯ ಥರ್ಮಾಮೀಟರ್ ಹಿಡಿದು ಜಲಪಾತದ ನೀರಿನ ಬಿಸಿ ಅಳೆಯಲು ಹೊರಟಿದ್ದನ್ನು ಕಂಡೆ ಎಂದು ಲಾರ್ಡ್ ಕೆಲ್ವಿನ್ ಮುಂದೆ ಹೇಳಿಕೊಂಡಿದ್ದಾರೆ. ನಮ್ಮ ಫಾಲ್ಸಿಗೆ ಲೆಕ್ಕ ಹಾಕಿದರೆ 52 ಮೀಟರ್ ಬಿದ್ದ ನೀರು ಬಿಸಿಯಾಗಬೇಕಾದದ್ದು 0.12 ಡಿಗ್ರಿ. ತಂಗಿ ಇದನ್ನೂ ಗೀಚಿ ತೆಗೆದಳು. ಆದರೆ ಥರ್ಮಾಮೀಟರ್ ಒಯ್ದು ಅದ್ದಿದರೆ ಆ 0.12 ಸಿಗುವ ಭರವಸೆ ಇಲ್ಲ. ತುಂತುರು ಆವಿಯಾಗುತ್ತದೆ, ಆವಿಯಾಗುವಾಗ ಶಾಖ ಹೀರುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಒಂದೇ ಲೀಟರು ಆವಿಯಾದರೂ ಸಾಕು, ಬಿದ್ದು ಗಳಿಸಿದ ಬಿಸಿಯೆಲ್ಲ ಹೋಯಿತು. ಇಲ್ಲಿ ‘ಕಡೆಗಣಿಸಿ’ ಎಂದು ಬಿಟ್ಟದ್ದು, ಎಣಿಸಿದ್ದನ್ನೇ ನುಂಗಿಹಾಕುವಷ್ಟು ದೊಡ್ಡದು. ಪುಸ್ತಕದ ಉತ್ತರ ಸರಿ, ಹೊಳೆಯ ಉತ್ತರ ಬೇರೆ. ಈ ಎರಡರ ನಡುವೆ ನಿಂತು ಯೋಚಿಸುವ ಹುಡುಗ ಹುಡುಗಿಯರು ನಮಗೆ ಬೇಕು.

ಹಾಗಂತ ಬೀಳುವ ನೀರು ಕೆಲಸಕ್ಕೆ ಬಾರದ್ದಲ್ಲ. 1887ರಷ್ಟು ಹಿಂದೆಯೇ ಇದೇ ಫಾಲ್ಸಿನ ಬಲವನ್ನು ಗಿರಣಿಗೆ ಹೂಡಿದರು. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ಕರೆಂಟು ಹೋದದ್ದು 1902ರಲ್ಲಿ. ಗೋಕಾಕ ಅದಕ್ಕಿಂತ ಹದಿನೈದು ವರ್ಷ ಮುಂದು. ಸೆಕೆಂಡಿಗೆ ಒಂದು ಘನ ಮೀಟರ್ ನೀರು 52 ಮೀಟರ್ ಇಳಿದರೆ 510 ಕಿಲೋವ್ಯಾಟ್. ಯಂತ್ರದಲ್ಲಿ ಐದರಲ್ಲೊಂದು ಪಾಲು ಸೋರಿಹೋಯಿತು ಎಂದಿಟ್ಟುಕೊಂಡರೂ 400 ಉಳಿಯುತ್ತದೆ. “ಅಂದ್ರ ಎಷ್ಟ ಮೋಟಾರ ರಿ?” ಎಂದರು ಅಕ್ಕಾರು. 5 ಎಚ್‌ಪಿಯವು ಸುಮಾರು ನೂರು. “ಯವ್ವಾ! ಒಂದು ಹೊಳಿ ನೀರಿಗೆ ನೂರ ಬಾವಿ ಮೋಟಾರ!” ಹೊಳೆಯಷ್ಟೂ ಅಲ್ಲ, ಹೊಳೆಯ ಒಂದು ಸಣ್ಣ ಪಾಲಿಗೆ. ಮಳೆಗಾಲದಲ್ಲಿ ಬಂಡೆಯ ಮೇಲೆ ಸುಮ್ಮನೆ ಸುರಿಯುವುದು ಇದರ ಎಷ್ಟೋ ಪಟ್ಟು.

ಹಾಗೇ ಇದೇ ಹೊಳೆಗೆ ಕಟ್ಟಿದ ಹಿಡಕಲ್ ಡ್ಯಾಮಿನ ಮಾತು ಬಂತು. ತುಂಬಿದರೆ 51 ಟಿಎಂಸಿ. ಹಿಂದೆ ಅಷ್ಟು ದೂರದವರೆಗೆ ನಿಂತ ನೀರೆಲ್ಲ ಗೋಡೆಯನ್ನು ನೂಕುತ್ತದೆ ಎಂಬುದು ಅಕ್ಕಾರ ನಂಬಿಕೆ, ಬಹಳ ಜನರ ನಂಬಿಕೆಯೂ ಹೌದು. ನಿಂತ ನೀರು ಗೋಡೆಯನ್ನು ಒತ್ತುವುದು ಆಳದ ಲೆಕ್ಕದಲ್ಲಿ ಮಾತ್ರ. 10 ಮೀಟರ್ ಕೆಳಗೆ ಒಂದು ಚದರ ಮೀಟರಿಗೆ 10 ಟನ್, 40 ಮೀಟರ್ ಕೆಳಗೆ 40 ಟನ್. ಹಿಂದೆ ನೀರು ಒಂದು ಮೈಲಿ ಇರಲಿ, ಇಪ್ಪತ್ತು ಮೈಲಿ ಇರಲಿ, ಅದು ಅಷ್ಟೇ. ಅದಕ್ಕೇ ಡ್ಯಾಮಿನ ಗೋಡೆ ಬುಡದಲ್ಲಿ ದಪ್ಪ, ತಲೆಯಲ್ಲಿ ತೆಳು. ಧೂಪದಾಳದ ಹಳೆಯ ಒಡ್ಡಿನ ಹತ್ತಿರ ನಿಂತು ಇದನ್ನು ಹೇಳಿದರೆ ಹುಡುಗರಿಗೆ ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ.

ಅಷ್ಟರಲ್ಲಿ ಘಟಪ್ರಭಾ ಸ್ಟೇಷನ್ನಿನ ಕಡೆ ರೈಲು ಕೂಗಿತು. ತಂಗಿ ಕಿವಿ ನಿಮಿರಿಸಿ, “ಡಾಪ್ಲರ್!” ಎಂದಳು. ಗೇಟಿನ ಹತ್ತಿರ ನಿಂತವರಿಗೆಲ್ಲ ಗೊತ್ತಿದ್ದದ್ದೇ: ಬರುವಾಗ ಕೂಗು ಚೂಪು, ದಾಟಿದ ಕೂಡಲೇ ದಪ್ಪ. ರೈಲು ಗಂಟೆಗೆ 90 ಕಿಲೋಮೀಟರ್ ಓಡುತ್ತಿದ್ದರೆ ಬರುವಾಗಿನ ಸ್ವರ ಹೋಗುವಾಗಿನದರ 1.16 ಪಟ್ಟು. ಶುದ್ಧ ರಿಷಭ ಷಡ್ಜದ 1.125 ಪಟ್ಟು ಇರುತ್ತದೆ. ಅಂದರೆ ರೈಲು ರಿಷಭದಿಂದ ಷಡ್ಜಕ್ಕೆ ಇಳಿಯುತ್ತದೆ, ಷಡ್ಜವನ್ನೂ ತುಸು ದಾಟಿ ಇಳಿಯುತ್ತದೆ. ನಮ್ಮ ಓಣಿಯ ಭಜನೆಯಲ್ಲಿ ಪೇಟಿ ಬಾರಿಸುವವರನ್ನು ಗೇಟಿನ ಹತ್ತಿರ ನಿಲ್ಲಿಸಿದರೆ ಸ್ವರ ಹಿಡಿದು ರೈಲಿನ ವೇಗ ಹೇಳಬಹುದು. ಇದು ಬರೀ ಕಲ್ಪನೆಯಲ್ಲ. 1845ರಲ್ಲಿ ಹಾಲೆಂಡಿನ ಬೈಸ್ ಬ್ಯಾಲಟ್ ಎಂಬ ವಿಜ್ಞಾನಿ ಕಹಳೆ ಊದುವವರನ್ನು ರೈಲಿನಲ್ಲಿ ಕೂರಿಸಿ, ಸ್ವರಜ್ಞಾನ ಇದ್ದವರನ್ನು ಹಳಿಯ ಪಕ್ಕ ನಿಲ್ಲಿಸಿ, ಡಾಪ್ಲರನ ಮಾತನ್ನು ಪರೀಕ್ಷಿಸಿದ್ದ. ಸಂಗೀತ ಬಲ್ಲ ಕಿವಿಯೇ ಅವನ ಉಪಕರಣ. ಅಂಥ ಕಿವಿಗಳಿಗೆ ನಮ್ಮ ಸೀಮೆಯಲ್ಲಿ ಬರವೇ?

ಸ್ವರದಿಂದ ಲಯಕ್ಕೆ ಬಂದರೆ, ಫಾಲ್ಸಿನ ತೂಗುಸೇತುವೆಯ ಬಗ್ಗೆ ಒಂದೇ ಮಾತು. ಸುಮಾರು 200 ಮೀಟರ್ ಉದ್ದದ ಅಂಥ ಸೇತುವೆಗೆ ತನ್ನದೇ ತೂಗಾಟದ ಲಯ ಇರುತ್ತದೆ, ಜನರ ಹೆಜ್ಜೆ ಆ ಲಯಕ್ಕೆ ಕೂಡಿತೆಂದರೆ ಸಣ್ಣ ತಳ್ಳು ಕೂಡ ಕೂಡುತ್ತ ಕೂಡುತ್ತ ದೊಡ್ಡದಾಗುತ್ತದೆ. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆ ಸೈನಿಕರ ಕವಾಯತಿನ ಹೆಜ್ಜೆಗೆ ಕುಸಿಯಿತು. 2000ದಲ್ಲಿ ಲಂಡನ್ನಿನ ಹೊಸ ಮಿಲೇನಿಯಂ ಸೇತುವೆ ಬರೀ ನಡೆದಾಡುವ ಜನರಿಂದ ಅಡ್ಡಡ್ಡ ತೂಗಿತು, ತೆರೆದೆರಡು ದಿನಕ್ಕೇ ಮುಚ್ಚಬೇಕಾಯಿತು. ಯಾವ ತೂಗುಸೇತುವೆಯ ಮೇಲೂ ಗುಂಪು ಕಟ್ಟಿ ಕುಣಿಯಬೇಡಿ ಎಂದು ಓಣಿಯ ಹುಡುಗರಿಗೆ ನಾನು ಹೇಳುವುದು ಇದಕ್ಕೇ.

ಇಷ್ಟೆಲ್ಲ ಕೇಳಿದ ಮೇಲೆ ತಂಗಿಯ ಮುಖ ಸಣ್ಣದಾಯಿತು. “ಪುಸ್ತಕದಾಗ ಇರೂದು ಎಲ್ಲೆಲ್ಲೀದೋ ಊರಿನ ಲೆಕ್ಕ ಕಾಕಾ. ಹಿಮದ ಮ್ಯಾಲೆ ಜಾರೂದು, ತೋಪಿನ ಗುಂಡು ಹಾರಸೂದು.” ನಿಜ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಓದುವ ನಮ್ಮ ಸೀಮೆಯ ಮಕ್ಕಳಿಗೆ ಹಿಡಕಲ್, ಧೂಪದಾಳ, ಫಾಲ್ಸ್, ಗೊಡಚಿನಮಲ್ಕಿ ಜಲಪಾತ ಇವುಗಳಿಂದಲೇ ಒಂದು ಲೆಕ್ಕದ ಪುಸ್ತಕ ಮಾಡಿಕೊಡಬೇಕು ಎಂಬುದು ನನ್ನ ಬಹಳ ದಿನದ ಆಸೆ. “ಹಂಗಾರ ನಿಂದೊಂದು ಲೆಕ್ಕ ಮಾಡವ್ವಾ” ಎಂದೆ.

ಅವಳು ಆರಿಸಿದ್ದು ಕಬ್ಬಿನ ಟ್ರ್ಯಾಕ್ಟರ್. ಸರಿಯಾದ ಆಯ್ಕೆ. ಹಂಗಾಮಿನಲ್ಲಿ ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಏರು ಹತ್ತುವಾಗ ಮುಂದಿನ ಗಾಲಿ ನೆಲ ಬಿಟ್ಟೇಳುವುದನ್ನು ನಾವೆಲ್ಲ ಎದೆ ಹಿಡಿದುಕೊಂಡು ನೋಡಿದ್ದೇವೆ. ಗಾಲಿ ಎದ್ದರೆ ಸ್ಟೇರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಅದರ ಲೆಕ್ಕ ಹೀಗೆ: ಮುಂದಿನ ಗಾಲಿಗಳ ಮೇಲಿನ ಭಾರ 800 ಕಿಲೋ, ಹಿಂದಿನ ಎಕ್ಸೆಲ್‌ನಿಂದ ಮುಂದಿನದಕ್ಕೆ 2 ಮೀಟರ್ ಇದ್ದರೆ, ಮೂಗನ್ನು ಕೆಳಗೆ ಹಿಡಿಯುವ ತಿರುವಿನ ಬಲ 1600. ಟ್ರೇಲರಿನ ಮೂತಿ 1 ಟನ್ ಭಾರದೊಂದಿಗೆ ಹುಕ್ಕಿನ ಮೇಲೆ ಕೂತಿದ್ದು, ಹುಕ್ಕು ಎಕ್ಸೆಲ್‌ನಿಂದ 60 ಸೆಂಟಿಮೀಟರ್ ಹಿಂದಿದ್ದರೆ, ಅದರಲ್ಲಿ 600 ಹೋಯಿತು. ಉಳಿದದ್ದು 1000. ನೆಲದಿಂದ ಅರ್ಧ ಮೀಟರ್ ಎತ್ತರದ ಹುಕ್ಕಿನಲ್ಲಿ 2 ಟನ್ ಎಳೆತ ಬಿದ್ದರೆ ಅದೂ ಮುಗಿಯಿತು. 10ಕ್ಕೆ 1ರ ಏರಿನಲ್ಲಿ ಟ್ರೇಲರ್ ಸೇರಿ 20 ಟನ್ ಇದ್ದರೆ ಏರಿನ ಎಳೆತವೇ 2 ಟನ್. ಇಲ್ಲಿ ಗಾಳಿಯನ್ನು ಧಾರಾಳವಾಗಿ ಬಿಡಬಹುದು. ಹುಕ್ಕಿನ ಎತ್ತರವನ್ನು ಮಾತ್ರ ಬಿಡುವಂತಿಲ್ಲ. ಅದನ್ನು ನಾಲ್ಕು ಬೆರಳು ಮೇಲೇರಿಸಿದರೆ ಗಾಲಿ ಇನ್ನೂ ಬೇಗ ಏಳುತ್ತದೆ.

ಅಕ್ಕಾರ ತಮ್ಮ ಹುಕ್ಕೇರಿ ಕಡೆ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅವರ ಮುಖದಲ್ಲಿ ನಗು ಹೋಗಿತ್ತು. “ಇದನ್ನ ಅವಂಗ ಹೇಳಬೇಕಲ್ರಿ ಮಾಸ್ತರ.”

“ಹೇಳೂದಕ್ಕಿಂತ ಅಳದು ತೋರಿಸಿದ್ರ ಛಲೋ,” ಎಂದೆ. “ಹುಕ್ಕಿನ ಎತ್ತರಕ್ಕ ಟೇಪ್ ಸಾಕು. ಮುಂದಿನ ಗಾಲಿ ಭಾರ ಸಿಗಬೇಕಂದ್ರ ಅವೆರಡನ್ನ ಅಷ್ಟ ಕಾಟಾದ ಮ್ಯಾಲೆ ನಿಂದ್ರಸಬೇಕು, ಹಿಂದಿನವು ಹೊರಗ.”

“ಫ್ಯಾಕ್ಟರಿ ಕಾಟಾದಾಗ ಹಂಗ ನಿಂದ್ರಸಾಕ ಬಿಡ್ತಾರೇನ್ರಿ ಕಾಕಾ?” ಎಂದಳು ತಂಗಿ.

“ಹಂಗಾಮ ಸುರು ಆಗೂ ಮೊದಲ ಕಾಟಾ ಖಾಲಿ ಇರ್ತೈತಿ. ಕೇಳಿ ನೋಡೂನು. ನಿಮ್ಮ ಮಾವಗ ಈಗ ಫೋನ್ ಹಚ್ಚು.”